ಮಳೆಗಾಲದಲ್ಲಿ ರಟ್ಟು ಡೊಂಕಾದರೆ

ಚಿಕ್ಕಮಗಳೂರಿನ ನಿಮ್ಮ ಶಿಬಿರದಲ್ಲಿ ಮಕ್ಕಳು ಕಟ್ಟಿದ ಪುಸ್ತಕಗಳ ರಟ್ಟು ಮೂರೇ ದಿನಕ್ಕೆ ದೋಣಿಯಂತೆ ಬಾಗಿದ್ದೇಕೆ ಎಂದು ಕೇಳಿದ್ದೀರಿ. ಬರೀ ಜುಲೈ ಮಳೆಯನ್ನೇ ದೂರಬೇಡಿ. ನನ್ನ ಅನುಮಾನ ನಾರಿನ ಮೇಲೆ, ಅಂದರೆ ಕಾಗದದೊಳಗಿನ ಎಳೆಗಳು ಸಾಗುವ ದಿಕ್ಕಿನ ಮೇಲೆ.

ರಟ್ಟು, ಹೊದಿಕೆ ಕಾಗದ, ಒಳಹಾಳೆ (ರಟ್ಟಿನ ಒಳಬದಿಗೆ ಅಂಟಿಸುವ ಹಾಳೆ) ಮೂರರ ನಾರೂ ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು. ರಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಗ್ಗಿಸಿ. ಸಲೀಸಾಗಿ ಬಾಗಿದಾಗ ಮಡಿಕೆಯ ಗೆರೆ ಯಾವ ದಿಕ್ಕಿಗೋ ನಾರೂ ಅದೇ ದಿಕ್ಕಿಗೆ. ಅಂಟು ತಗಲಿದ ಕಾಗದ ನಾರಿಗೆ ಅಡ್ಡಲಾಗಿ ಹಿಗ್ಗಿ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಹೊರಕ್ಕೆ ಬಾಗಿದ್ದರೆ ಹೊದಿಕೆಯ ಎಳೆತ ಹೆಚ್ಚು ಎಂದರ್ಥ; ಒಳಬದಿಗೂ ಅಷ್ಟೇ ದಪ್ಪದ ಹಾಳೆ ಅಂಟಿಸಿ.

ಮೈದಾ ಅಂಟು ನೀರಾಗಿದ್ದರೂ ಇದೇ ಕಥೆ. 1 ಲೋಟ ಮೈದಾಗೆ 4 ಲೋಟ ನೀರು ಸಾಕು. ಕಾಯಿಸಿ ಆರಿಸಿ, ಅದಕ್ಕೆ ಅರ್ಧಪಾಲು ಫೆವಿಕಾಲ್ ಬೆರೆಸಿ. ಹುಳ ಹಿಡಿಯದಿರಲೆಂದು ಬೈಂಡರುಗಳು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವುದುಂಟು, ಆದರೆ ಅದು ವಿಷ; ಮಕ್ಕಳ ಕೈಗೆ ಬೇಡವೇ ಬೇಡ.

ಒಳಹಾಳೆ ಅಂಟಿಸಿದ ಮೇಲೆ ರಟ್ಟಿಗೂ ಪುಟಗಳಿಗೂ ನಡುವೆ ಮೇಣದ ಕಾಗದವಿಟ್ಟು, ಎರಡು ಹಲಗೆಗಳ ಮಧ್ಯೆ ಭಾರ ಹೇರಿ. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕಾಗಬಹುದು, ನಿಮ್ಮಲ್ಲಿ ಈಗ ಮೂರು ರಾತ್ರಿಯಾದರೂ ಬೇಕು. ಒಲೆಯ ಬಳಿ ಒಣಗಿಸಿದರೆ ಮತ್ತೆ ದೋಣಿಯೇ.