ಓದುಗರ ಪ್ರಶ್ನೆ: ಪೋಲೆಂಡಿನ ಹಳೇ ಸಿನಿಮಾ, ಮನೆಯಲ್ಲೇ ಪುಕ್ಕಟೆ

ಪ್ರಶ್ನೆ: ಪೋಲೆಂಡಿನ ಹಳೆಯ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವಂತೆ, ಎಲ್ಲಿ? ಯೂಟ್ಯೂಬಿನಲ್ಲಿ ಸಿಕ್ಕಿದ್ದೆಲ್ಲ ತುಂಡು ತುಂಡು. ಒಂದರಲ್ಲಂತೂ ಯಾರೋ ಒಬ್ಬ ಗಂಡಸು ಎಲ್ಲರ ಮಾತನ್ನೂ ತಾನೇ ಓದಿಬಿಡುತ್ತಾನೆ. (ವಿದ್ಯಾನಗರ, ದಾವಣಗೆರೆ)

ಮೊದಲು ಹೋಗಬೇಕಾದ ಜಾಗ 35ಎಂಎಂ ಡಾಟ್ ಆನ್‌ಲೈನ್ (35mm.online) ಎಂಬ ಜಾಲತಾಣ. ಅಲ್ಲಿ ಕಥಾಚಿತ್ರ, ಸಾಕ್ಷ್ಯಚಿತ್ರ, ಅನಿಮೇಷನ್, ಹಳೇ ವಾರ್ತಾಚಿತ್ರ ಎಲ್ಲ ಇವೆ. ಕದ್ದು ಹಾಕಿದ್ದಲ್ಲ. ಎರಡನೇ ಮಹಾಯುದ್ಧದ ನಂತರ 1989ರವರೆಗೆ ಪೋಲೆಂಡಿನ ಚಿತ್ರಗಳು ತಯಾರಾಗುತ್ತಿದ್ದುದೇ ಸರ್ಕಾರಿ ಸ್ಟುಡಿಯೋಗಳಲ್ಲಿ. ಆ ನೆಗೆಟಿವ್‌ಗಳನ್ನು ಈಗ ಸಾರ್ವಜನಿಕ ಹಣದಲ್ಲೇ ಡಿಜಿಟಲ್ ಮಾಡಿ, ಹಕ್ಕುದಾರರೇ ತೆರೆದಿಟ್ಟಿದ್ದಾರೆ. ಪುಟ ಪೋಲಿಷ್ ಭಾಷೆಯಲ್ಲಿ ತೆರೆದುಕೊಂಡರೆ ಇಂಗ್ಲಿಷಿಗೆ ಬದಲಿಸಿಕೊಳ್ಳಿ. ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂದು ಬಂದರೆ ಅದರ ಜೊತೆ ಗುದ್ದಾಡಬೇಡಿ, ಬೇರೆ ಚಿತ್ರಕ್ಕೆ ಹೋಗಿ.

ನೀವು ಕೇಳಿದ ಆ ಗಂಡಸಿನ ದನಿಗೆ ಅಲ್ಲಿ ‘ಲೆಕ್ಟೋರ್’ ಅನ್ನುತ್ತಾರೆ. ಪರಭಾಷೆಯ ಚಿತ್ರಕ್ಕೆ ಒಬ್ಬನೇ ಕೂತು ಪೋಲಿಷ್ ಅನುವಾದ ಓದುವುದು ಅಲ್ಲಿನ ಟಿವಿಯ ರೂಢಿ. ಆ ದನಿ ಕೇಳಿತೆಂದರೆ ನಿಮ್ಮ ಮುಂದಿರುವುದು ಬಹುಮಟ್ಟಿಗೆ ಪೋಲಿಷ್ ಚಿತ್ರವೇ ಅಲ್ಲ, ಬೇರೆ ದೇಶದ್ದು. ಸಬ್‌ಟೈಟಲ್ ಬೇಕಾದರೆ ‘ನಪಿಸಿ’ (napisy) ಎಂಬ ಪದ ಹುಡುಕಿ, ಸಬ್‌ಟೈಟಲ್ಲಿಗೆ ಅವರ ಹೆಸರು ಅದು.

ಹುಡುಕುವಾಗ ಬಹಳ ಜನ ಎಡವುವುದು ಅಕ್ಷರದಲ್ಲಿ. ಇಂಗ್ಲಿಷ್ ಹೆಸರು ಹಾಕಿದರೆ ಎಷ್ಟೋ ಸಲ ವಿಮರ್ಶೆ, ಟ್ರೈಲರ್ ಮಾತ್ರ ಬರುತ್ತವೆ. ಮೂಲ ಹೆಸರನ್ನೇ ಹಾಕಬೇಕು. ಆದರೆ ಪೋಲಿಷ್‌ನಲ್ಲಿ ಎಲ್ ಅಕ್ಷರದ ಮೈಮೇಲೆ ಅಡ್ಡಗೀಟು ಎಳೆದ ಇನ್ನೊಂದು ಅಕ್ಷರವಿದೆ, ಉಚ್ಚಾರ ನಮ್ಮ ‘ವ’ದ ಹತ್ತಿರ. ಬರೀ ಎಲ್ ಒತ್ತಿದರೆ ಕೆಲವು ಕಡೆ ಏನೂ ಸಿಗುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಚಿತ್ರದ ಪುಟ ತೆರೆದು, ಮೊದಲ ಸಾಲಿನಲ್ಲಿರುವ ಪೋಲಿಷ್ ಹೆಸರನ್ನು ಕಾಪಿ ಮಾಡಿ ಹಾಕುವುದೇ ಸುಲಭ.

ಪ್ರಶ್ನೆ: ದಿನಕ್ಕೆ 1.5 ಜಿಬಿ ಪ್ಯಾಕ್‌ನಲ್ಲಿ ಒಂದು ಪೂರ್ತಿ ಚಿತ್ರ ನೋಡಬಹುದೇ? (ಹೊಸದುರ್ಗ)

ನೋಡಬಹುದು, ವಿಡಿಯೋ ಕ್ವಾಲಿಟಿಯನ್ನು ‘ಆಟೊ’ದಿಂದ ತೆಗೆದು 480ಪಿಗೆ ಇಟ್ಟರೆ. ಲೆಕ್ಕ ಹೀಗೆ: ಸೆಕೆಂಡಿಗೆ 1 ಮೆಗಾಬಿಟ್ ಹರಿದರೆ ಗಂಟೆಗೆ 450 ಎಂಬಿ. 480ಪಿಗೆ ಸಾಮಾನ್ಯವಾಗಿ 1ರಿಂದ 1.5 ಮೆಗಾಬಿಟ್ ಹಿಡಿಯುತ್ತದೆ. ಅಂದರೆ 1 ಗಂಟೆ 40 ನಿಮಿಷದ ಚಿತ್ರಕ್ಕೆ 750ರಿಂದ 1,125 ಎಂಬಿ. ಅದೇ 1080ಪಿಯಲ್ಲಿ 4 ಮೆಗಾಬಿಟ್ ಅಂದುಕೊಂಡರೂ 3 ಜಿಬಿ, ಇಂಟರ್ವಲ್ಲಿನ ಹೊತ್ತಿಗೇ ಪ್ಯಾಕ್ ಮುಗಿದಿರುತ್ತದೆ. ‘ಆಟೊ’ದಲ್ಲಿಟ್ಟರೆ ಸಿಗ್ನಲ್ ಚೆನ್ನಾಗಿದ್ದ ಕಡೆ ಅದಾಗಿಯೇ ಮೇಲೇರುತ್ತದೆ.

480ಪಿಗಿಂತ ಕೆಳಗಿಳಿಸಬೇಡಿ. ಹಳೇ ಫಿಲ್ಮಿನಲ್ಲಿ ರವೆಯಂಥ ಕಾಳು ಇರುತ್ತದೆ, ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸುತ್ತದೆ. ಕಡಿಮೆ ಡೇಟಾದಲ್ಲಿ ಅದನ್ನು ಹಿಡಿದಿಡಲಾಗದೆ ಕತ್ತಲ ದೃಶ್ಯಗಳು ಚೌಕ ಚೌಕವಾಗಿ ಒಡೆಯುತ್ತವೆ. ಆಂದ್ಜೆ ವಾಯ್ದಾನ ‘ಕನಾವ್’ (1957) ನೋಡುವವರು ಇದನ್ನು ಗಮನಿಸಬೇಕು. 1944ರ ವಾರ್ಸಾ ದಂಗೆಯ ಹೋರಾಟಗಾರರು ಊರಿನ ಒಳಚರಂಡಿಯೊಳಗೆ ಇಳಿದ ಮೇಲೆ ಬೆಳಕು ಅಂತ ಇರುವುದೇ ಕಮ್ಮಿ. ಅಲ್ಲಿ ಚಿತ್ರ ಒಡೆದರೆ ಚಿತ್ರವೇ ಇಲ್ಲ.

ಪ್ರಶ್ನೆ: ಟಿವಿಗೆ ಹಾಕಿದರೆ ಸಬ್‌ಟೈಟಲ್ ಮಾಯ, ಮುಖಗಳೆಲ್ಲ ಅಗಲ. (ಹರಿಹರ)

ಎರಡು ಬೇರೆ ಬೇರೆ ರೋಗ. ಕಾಸ್ಟ್ ಒತ್ತಿದಾಗ ಮೊಬೈಲು ವಿಡಿಯೋದ ವಿಳಾಸವನ್ನಷ್ಟೇ ಟಿವಿಗೆ ಕೊಡುತ್ತದೆ. ಸಬ್‌ಟೈಟಲ್ ಬೇರೆ ಫೈಲಿನಲ್ಲಿದ್ದರೆ ಅದು ಕೆಲವೊಮ್ಮೆ ಹಿಂದೆಯೇ ಉಳಿದುಬಿಡುತ್ತದೆ. ಕಾಸ್ಟ್ ಬಿಟ್ಟು ಸ್ಕ್ರೀನ್ ಮಿರರಿಂಗ್ ಮಾಡಿ, ಇಲ್ಲವೇ ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಎಳೆಯಿರಿ. ಮುಖ ಅಗಲವಾಗುವುದು ಟಿವಿಯ ತಪ್ಪು. 1950ರ ದಶಕದ ಎಷ್ಟೋ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3. ರಿಮೋಟಿನ ಪಿಕ್ಚರ್ ಸೆಟ್ಟಿಂಗಿನಲ್ಲಿ ‘ವೈಡ್’, ‘ಜೂಮ್’ ತೆಗೆಯಿರಿ. ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಸರಿಯಾಯಿತು ಎಂದರ್ಥ.

ಯೂಟ್ಯೂಬಿನಲ್ಲಿ ಕನ್ನಡ ಸಬ್‌ಟೈಟಲ್ ಬೇಕೆಂದರೆ ಕಂಪ್ಯೂಟರಿನಲ್ಲಿ ಮೊದಲು ಇಂಗ್ಲಿಷ್ ಆರಿಸಿ, ಆಮೇಲೆ ‘ಆಟೊ ಟ್ರಾನ್ಸ್‌ಲೇಟ್’ಗೆ ಹೋಗಿ ಕನ್ನಡ ಒತ್ತಿ. ಯಂತ್ರ ತಾನೇ ಕೇಳಿ ಬರೆದುಕೊಂಡ ಪೋಲಿಷ್‌ನಿಂದ ನೇರ ಕನ್ನಡಕ್ಕೆ ಹೋದರೆ ತಪ್ಪಿನ ಮೇಲೆ ತಪ್ಪು. ಇಂಗ್ಲಿಷಿನ ಮೂಲಕ ಬಂದರೂ ನೀನು–ನೀವು ಅದಲುಬದಲಾಗಿ ಅತ್ತೆಯನ್ನು ಅಳಿಯ ಏಕವಚನದಲ್ಲಿ ಗದರಿಸುವುದುಂಟು, ನಕ್ಕು ಮುಂದೆ ಸಾಗಿ.

ಪ್ರಶ್ನೆ: ಯಾವುದರಿಂದ ಶುರು ಮಾಡಬೇಕು? (ಪಿ.ಜೆ. ಬಡಾವಣೆ, ದಾವಣಗೆರೆ)

ಕಿಷ್ಲೊವ್‌ಸ್ಕಿಯ ‘ಡೆಕಲಾಗ್’ನಿಂದ ಎಂದು ಎಲ್ಲರೂ ಹೇಳುತ್ತಾರೆ. ಹೆಚ್ಚುಕಡಿಮೆ ಒಂದೊಂದು ಗಂಟೆಯ ಹತ್ತು ಕಂತು, ದೊಡ್ಡ ಕೃತಿ, ಅನುಮಾನವಿಲ್ಲ. ಆದರೆ ಶುರುವಿಗೆ ನಾವು ಅದನ್ನು ಹೇಳುವುದಿಲ್ಲ. ಹತ್ತು ನಿಮಿಷದವುಗಳಿಂದ ಹೊರಡಿ. ಕಾಜಿಮಿಯೆಜ್ ಕರಾಬಾಷ್‌ನ ‘ಮುಜಿಕಾಂತ್ಸಿ’ (1960) ನೋಡಿ. ಟ್ರಾಮ್ ರಿಪೇರಿ ಶೆಡ್ಡಿನ ಕಾರ್ಮಿಕರು ಕಬ್ಬಿಣದ ಸದ್ದಿನಿಂದ ಎದ್ದುಬಂದು, ವಾದ್ಯ ಎತ್ತಿಕೊಂಡು ತಾಲೀಮಿಗೆ ಕೂರುತ್ತಾರೆ. ವಯಸ್ಸಾದ ಬ್ಯಾಂಡ್ ಮಾಸ್ತರು ಮತ್ತೆ ಮತ್ತೆ ತಡೆದು ತಿದ್ದುತ್ತಾರೆ. ವಿವರಣೆಯ ಒಂದು ಮಾತೂ ಇಲ್ಲ. ಆಮೇಲೆ ಜ್ಬಿಗ್ನ್ಯೆವ್ ರಿಬ್‌ಚಿನ್‌ಸ್ಕಿಯ ‘ಟ್ಯಾಂಗೊ’ (1980): ಒಂದೇ ಕೋಣೆ, ಅಲುಗಾಡದ ಕ್ಯಾಮೆರಾ. ಚೆಂಡು ಹುಡುಕಿಕೊಂಡು ಕಿಟಕಿಯಿಂದ ಹುಡುಗನೊಬ್ಬ ಒಳಬರುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ. ನೋಡನೋಡುತ್ತ ಕೋಣೆಯಲ್ಲಿ 36 ಜನ, ಒಬ್ಬರಿಗೊಬ್ಬರು ತಾಗುವುದಿಲ್ಲ. ಇದಕ್ಕೆ ಆಸ್ಕರ್ ಬಂತು. ಸಬ್‌ಟೈಟಲ್ಲೇ ಬೇಡ.

ನಂತರ ಕವಲೆರೊವಿಚ್‌ನ ‘ಪೊಚೊಂಗ್’ (1959), ಇಂಗ್ಲಿಷಿನಲ್ಲಿ ‘ನೈಟ್ ಟ್ರೇನ್’. ರಾತ್ರಿ ರೈಲು, ಸ್ಲೀಪರ್ ಬೋಗಿ, ಒಂದೇ ಕೂಪೆಯಲ್ಲಿ ಪರಸ್ಪರ ಗುರುತಿಲ್ಲದ ಗಂಡು–ಹೆಣ್ಣು, ರೈಲಿನಲ್ಲೆಲ್ಲೋ ಕೊಲೆಗಾರ.

ದಾವಣಗೆರೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದು ವಾಯ್ದಾನ ‘ಜ್ಯೆಮ್ಯ ಒಬ್ಯೆತ್ಸಾನ’ (1975), ಇಂಗ್ಲಿಷಿನಲ್ಲಿ ‘ದ ಪ್ರಾಮಿಸ್ಡ್ ಲ್ಯಾಂಡ್’. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದ ಹಾಗೆ ಪೋಲೆಂಡಿನ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ವೂಚ್. ಕೈಯಲ್ಲಿ ಕಾಸಿಲ್ಲದ ಮೂವರು ಗೆಳೆಯರು, ಒಬ್ಬ ಪೋಲಿಷ್, ಒಬ್ಬ ಜರ್ಮನ್, ಒಬ್ಬ ಯಹೂದಿ, ಅಲ್ಲಿ ಗಿರಣಿ ಕಟ್ಟಲು ಹೊರಡುತ್ತಾರೆ. ಸೆಟ್ ಹಾಕುವ ಅಗತ್ಯ ಹೆಚ್ಚು ಬೀಳಲಿಲ್ಲ, 19ನೇ ಶತಮಾನದ ಗಿರಣಿಗಳೂ ಮಾಲೀಕರ ಬಂಗಲೆಗಳೂ ಅಲ್ಲಿ ನಿಂತೇ ಇದ್ದವು. ಮಗ್ಗದ ಸಾಲುಗಳು ಒಟ್ಟಿಗೆ ಬಡಿಯುವ ಸದ್ದಿಗೆ ಹೆಡ್‌ಫೋನ್ ಹಾಕಿಕೊಳ್ಳಿ. ಹೆಚ್ಚುಕಡಿಮೆ ಮೂರು ಗಂಟೆಯ ಚಿತ್ರ, ಎರಡು ರಾತ್ರಿಗೆ ಹಂಚಿಕೊಂಡರೂ ನಷ್ಟವಿಲ್ಲ. ಪೋಲೆಂಡಿನ ಹೆಸರಾಂತ ಸಿನಿಮಾ ಶಾಲೆ 1948ರಲ್ಲಿ ಹುಟ್ಟಿದ್ದೂ ಇದೇ ವೂಚ್‌ನಲ್ಲಿ. ವಾಯ್ದಾ, ಕಿಷ್ಲೊವ್‌ಸ್ಕಿ, ಪೊಲಾನ್‌ಸ್ಕಿ ಮೂವರೂ ಅಲ್ಲಿ ಓದಿದವರೇ.

ಪ್ರಶ್ನೆ: ನಮ್ಮ ಕಾಲೇಜಿನ ಸಭಾಂಗಣದಲ್ಲಿ ಇವನ್ನು ತೋರಿಸಬಹುದೇ? (ಉಪನ್ಯಾಸಕಿ, ಚಿತ್ರದುರ್ಗ)

ನಿಮ್ಮ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು, ಕಾಲೇಜಿನ ಚಟುವಟಿಕೆಗೆ ಸಂಬಂಧಪಟ್ಟವರು, ಇಷ್ಟೇ ಜನರಿದ್ದು ಅದು ಕಾಲೇಜಿನ ಚಟುವಟಿಕೆಯ ಭಾಗವಾಗಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಜೆ) ವಿನಾಯಿತಿ ಕೊಡುತ್ತದೆ. ಊರಿನವರನ್ನು ಕರೆದರೆ, ಟಿಕೆಟ್ ಇಟ್ಟರೆ ಆ ರಕ್ಷಣೆ ಇಲ್ಲ. ಮನೆಯಲ್ಲಿ ಪುಕ್ಕಟೆ ನೋಡಲು ಬಿಟ್ಟಿದ್ದಾರೆ ಎಂದರೆ ಸಾರ್ವಜನಿಕ ಪ್ರದರ್ಶನಕ್ಕೂ ಒಪ್ಪಿದ್ದಾರೆ ಎಂದಲ್ಲ. ಹಕ್ಕು ಹೊಂದಿದ ಸ್ಟುಡಿಯೋಗೆ ಇಂಗ್ಲಿಷಿನಲ್ಲಿ ಮೇಲ್ ಬರೆದು, ಚಿತ್ರದ ಹೆಸರು, ತಾರೀಖು, ಎಷ್ಟು ಆಸನ, ಟಿಕೆಟ್ ಇದೆಯೋ ಇಲ್ಲವೋ ಎಂಬುದನ್ನು ತಿಳಿಸಿ ಅನುಮತಿ ಕೇಳಿ. ಸಭಾಂಗಣದ ವೈಫೈ ನಂಬಬೇಡಿ, ಹಿಂದಿನ ದಿನವೇ ಅದೇ ಹೊತ್ತಿಗೆ ಹತ್ತು ನಿಮಿಷ ಓಡಿಸಿ ನೋಡಿ. ಸಬ್‌ಟೈಟಲ್ ಕಡೇ ಸಾಲಿನ ಬೆಂಚಿಗೆ ಕಾಣುತ್ತದೆಯೇ ಎಂದು ಅಲ್ಲೇ ಕೂತು ಓದಿ.