ಜನವರಿಯಲ್ಲೇ ಮುಂದಿನ ವರ್ಷದ ಪೂರ್ತಿ ಫೀಸು ಕೇಳಿದರೆ

ಮಗುವಿನ ಶಾಲೆ ಹೀಗೆ ಕೇಳುತ್ತಿದೆ, ಕಟ್ಟಬಹುದೇ ಎಂದು ಕೇಳಿದ್ದೀರಿ. ಅವಧಿಗೆ ಮೊದಲೇ ಪೂರ್ತಿ ಫೀಸು, ಅದಕ್ಕೆ ಶೇ. 15 ರಿಯಾಯಿತಿ, ವರ್ಷದ ಮಧ್ಯೆ ಬಿಟ್ಟುಹೋದ ಇಬ್ಬರು ಟೀಚರ್: ನೀವು ಹೇಳಿದ ಮೂರೂ ಸೇರಿದರೆ, ಬಹುಶಃ ಶಾಲೆಯಲ್ಲಿ ಸಂಬಳಕ್ಕೆ ಕಾಸಿಲ್ಲ. ರಿಯಾಯಿತಿಯೊಂದೇ ಆಗಿದ್ದರೆ ತಲೆಕೆಡಿಸಿಕೊಳ್ಳಬೇಕಿರಲಿಲ್ಲ.

ಮೊದಲು ಶಾಲೆ ತನ್ನ ನೌಕರರ ಪಿಎಫ್ (ಭವಿಷ್ಯ ನಿಧಿ) ಸರಿಯಾಗಿ ಕಟ್ಟುತ್ತಿದೆಯೇ ನೋಡಿ. ಭವಿಷ್ಯ ನಿಧಿ ಸಂಸ್ಥೆಯಾದ ಇಪಿಎಫ್‌ಒ ಜಾಲತಾಣದ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ನಲ್ಲಿ ಶಾಲೆಯ ಹೆಸರು ಸಿಗದಿದ್ದರೆ ಫೀಸಿನ ರಸೀದಿಯ ಮೇಲಿರುವ, ಶಾಲೆ ನಡೆಸುವ ಟ್ರಸ್ಟಿನ ಹೆಸರು ಹಾಕಿ, ಪಾವತಿ ವಿವರಕ್ಕೆ ಲಾಗಿನ್ ಬೇಡ. ಆಯಾ ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಒಂದು ತಿಂಗಳು ತಡವಾಗಿದ್ದರೆ ಗುಮಾಸ್ತರ ಎಡವಟ್ಟೂ ಇರಬಹುದು. ಮೂರು ತಿಂಗಳು ಖಾಲಿ, ಇಲ್ಲವೇ ನೌಕರರ ಸಂಖ್ಯೆ 40ರಿಂದ 25ಕ್ಕೆ ಇಳಿದಿದ್ದರೆ ಅನುಮಾನ ಗಟ್ಟಿ.

ಆಮೇಲೆ ವ್ಯಾನ್ ಡ್ರೈವರನ್ನು ಮಾತಾಡಿಸಿ. ಡೀಸೆಲ್ ಬಾಕಿ ಅವರಿಗೇ ಮೊದಲು ಗೊತ್ತಾಗೋದು.

ಫೀಸು ಕಂತಿನಲ್ಲೇ ಕಟ್ಟಿ, ಅದೂ ಟ್ರಸ್ಟ್ ಖಾತೆಗೆ ಮಾತ್ರ. ಯಾರದೋ ಸ್ವಂತ ಯುಪಿಐಗೆ ಬೇಡವೇ ಬೇಡ. ಬೇರೆ ಶಾಲೆಯ ಅರ್ಜಿಯನ್ನು ಈ ವಾರವೇ ತಂದಿಟ್ಟುಕೊಳ್ಳಿ.