ಟೊಮ್ಯಾಟೊ ಹೂ ಉದುರೂದಕ್ಕ ಗೊಬ್ಬರ ಕಾರಣ ಅಲ್ರಿ
ಸಿಂಧನೂರಿನ ನಿಮ್ಮ ಹಿತ್ತಲದಾಗ ಟೊಮ್ಯಾಟೊ ಗಿಡ ಹಸರಾಗಿ ಅದಾವ, ಹೂ ಮಾತ್ರ ಉದುರತಾವ, ಯೂರಿಯಾ ಹಾಕ್ಲೇನು ಅಂತ ಕೇಳೀರಿ. ಹಾಕಬ್ಯಾಡ್ರಿ, ಎಲಿ ಇನ್ನಷ್ಟು ಸೊಕ್ಕತಾವ, ಅಷ್ಟ. ಹಗಲು 35 ಡಿಗ್ರಿ ದಾಟಿ, ರಾತ್ರಿನೂ ಸೆಕಿ ಇಳೀಲಿಲ್ಲಂದ್ರ ಪರಾಗ ಕೆಡತೈತಿ, ಕಾಯಿ ಕಚ್ಚೂದಿಲ್ಲ. ನಮ್ಮ ರಾಯಚೂರು ಕಡೆ ಮೇ ಅಂದ್ರ 40ರ ಆಸುಪಾಸು!

ನಾನು ಪಡುವಣ ಬಿಸಲಿಗೆ ಅಡ್ಡ ಹಳೇ ಸೀರಿ ಕಟ್ಟೀನಿ, ಬುಡಕ್ಕ ನಾಲ್ಕು ಬೆರಳು ನೆಲ್ಲುಹುಲ್ಲು. ನೀರು ಮುಂಜಾನೆ ಆರರೊಳಗ. (ಮಧ್ಯಾಹ್ನ ಮಾಳಗಿ ಮ್ಯಾಲಿನ ಟ್ಯಾಂಕಿನ ನೀರು ಬಿಟ್ಟು ಒಮ್ಮೆ ಮೆಂತ್ಯೆ ಮಡಿನ ಬೇಯಿಸೀನಿ.) ಎರಿ ನೆಲ ಬಿರುಕು ಬಿಟ್ಟಿದ್ರ ಕೆದರಿ ಮುಚ್ಚರಿ, ಇಲ್ಲಂದ್ರ ನೀರೆಲ್ಲ ಅದರಾಗ ಇಳಿದು ಹೋಗತೈತಿ. ಗಿಡ ಗಟ್ಟಿ ಇದ್ರ ಕೀಳಬ್ಯಾಡ್ರಿ, ಮಳಿಗೆ ತಂಪಾದ ಮ್ಯಾಲ ಮತ್ತ ಕಾಯಿ ಹಿಡಿತಾವ. ಅಲ್ಲೀತನಕ ಬೆಂಡಿ, ಚವಳಿ ಹಾಕ್ರಿ, ಅವು ಈ ಬಿಸಲಿಗೆ ಅಷ್ಟು ಅಂಜೂದಿಲ್ಲ.